ಬಾಣಂತನ ಮಾಡುವವರಾರು?

‘ಬಾಣಂತನ ಮಾಡುವುದು’ ಎಂಬ ಕನ್ನಡದ ಮಾತಿನಲ್ಲಿ ಒಂದು ವಿಶೇಷವಿದೆ. ಹೆತ್ತವಳು ಬಾಣಂತಿ, ಆದರೆ ಬಾಣಂತನವನ್ನು ಮಾಡುವವಳು ಅವಳಲ್ಲ. ಅದನ್ನು ಅವಳ ತಾಯಿಯೋ, ಅತ್ತೆಯೋ, ದೊಡ್ಡಮ್ಮನೋ, ನೆರೆಯ ಅನುಭವಸ್ಥ ಹೆಂಗಸೋ ಮಾಡಬೇಕು. ‘ಮಗಳ ಬಾಣಂತನ ಮುಗಿಸಿ ಬಂದೆ’ ಎಂದು ಹಿರಿಯರು ಹೇಳುವಾಗ ಅದರಲ್ಲಿ ಒಂದು ದೊಡ್ಡ ಕಾರ್ಯವನ್ನು ಪೂರೈಸಿದ ತೃಪ್ತಿ ಕೇಳಿಬರುತ್ತದೆ. ಹೆತ್ತ ಹೆಂಗಸು ಕೆಲವು ಕಾಲ ಆರೈಕೆಯನ್ನು ಕೊಡುವವಳಲ್ಲ, ಪಡೆಯುವವಳು ಎಂಬ ತಿಳಿವಳಿಕೆ ಈ ಕ್ರಿಯಾಪದದಲ್ಲಿಯೇ ಅಡಗಿದೆ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದಿಲ್ಲಿಗಳಲ್ಲಿ ನೆಲೆಸಿದ ಅನೇಕ ಕನ್ನಡ ಕುಟುಂಬಗಳಲ್ಲಿ ಇಂದು ಈ ವ್ಯಾಕರಣವೇ ತಪ್ಪಿಹೋಗಿದೆ. ಬಾಣಂತಿಯೂ ಅವಳೇ, ಬಾಣಂತನ ಮಾಡಿಕೊಳ್ಳುವವಳೂ ಅವಳೇ.

ಡೊಂಬಿವಲಿಯ ಎರಡು ಕೋಣೆಗಳ ಒಂದು ಮನೆಯನ್ನು ಕಲ್ಪಿಸಿಕೊಳ್ಳಬಹುದು. ಧಾರವಾಡದಿಂದ ತಾಯಿ ಬಂದಿದ್ದಾಳೆ. ಬರುವಾಗ ಅಂಟಿನುಂಡೆ, ಅಳವಿ, ಒಣಶುಂಠಿ, ಬಜೆ, ಸಾಂಬ್ರಾಣಿ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದಾಳೆ. ಆದರೆ ಊರಿನಲ್ಲಿ ಅವಳ ಗಂಡ ಒಬ್ಬಂಟಿ, ಅದರ ಮೇಲೆ ಸಕ್ಕರೆ ಕಾಯಿಲೆ. ಅವಳ ಮೊಣಕಾಲುಗಳೂ ಮೊದಲಿನಂತಿಲ್ಲ. ನಲವತ್ತು ದಿನ ತುಂಬುವ ಮೊದಲೇ ಹಿಂದಿರುಗುವ ಟಿಕೆಟನ್ನು ಕಾದಿರಿಸಿ ಆಗಿದೆ. ಅಳಿಯ ಬೆಳಿಗ್ಗೆ ಏಳೂಕಾಲರ ಲೋಕಲ್ ಹಿಡಿದರೆ ಮನೆ ಸೇರುವಾಗ ರಾತ್ರಿ ಎಂಟೂವರೆ. ತಾಯಿ ರೈಲು ಹತ್ತಿದ ಮರುದಿನದಿಂದ ಆ ಹದಿಮೂರು ಗಂಟೆಗಳ ಕಾಲ ಮನೆಯಲ್ಲಿ ಉಳಿಯುವವರು ಇಬ್ಬರೇ: ಮಾತು ಬಾರದ ಒಂದು ಕೂಸು, ಮಾತನಾಡಲು ಯಾರೂ ಇಲ್ಲದ ಒಬ್ಬ ತರುಣಿ.

ಹೊರಗಿನಿಂದ ನೋಡಿದವರಿಗೆ ಅವಳಿಗೆ ಯಾವ ಕೊರತೆಯೂ ಕಾಣುವುದಿಲ್ಲ. ಮಗು ಮುದ್ದಾಗಿದೆ, ಗಂಡ ಒಳ್ಳೆಯವನು, ಡಬ್ಬಿಯಲ್ಲಿ ಅಂಟಿನುಂಡೆ ಇನ್ನೂ ಉಳಿದಿದೆ. ಆದರೆ ಮಗು ಮಲಗಿದಾಗಲೂ ಅವಳಿಗೆ ನಿದ್ರೆ ಬಾರದು. ಅನ್ನ ಮಣ್ಣಿನಂತೆ ರುಚಿಸುತ್ತದೆ. ಕಾರಣವಿಲ್ಲದೆ ಕಣ್ಣು ತುಂಬಿ ಬರುತ್ತದೆ, ಕಾರಣವಿಲ್ಲದೆ ಸಿಟ್ಟೂ ಬರುತ್ತದೆ. ತೊಡೆಯ ಮೇಲಿರುವ ಮಗು ಬೇರೆ ಯಾರದ್ದೋ ಎಂಬಂತೆ ತೋರುತ್ತದೆ. ಹಾಗೆ ತೋರಿತಲ್ಲ ಎಂಬ ಅಪರಾಧಭಾವ ಮರುಕ್ಷಣವೇ ಮುತ್ತಿಕೊಳ್ಳುತ್ತದೆ. ‘ನಾನು ತಾಯಿಯಾಗಲು ತಕ್ಕವಳಲ್ಲ’ ಎಂಬ ಯೋಚನೆ ದಿನಕ್ಕೆ ನೂರು ಸಲ ಸುಳಿಯುತ್ತದೆ. ಸಂಜೆ ಊರಿನಿಂದ ಮೊಬೈಲಿನ ಕರೆ ಬರುತ್ತದೆ. ಪರದೆಯ ಮೇಲೆ ಅಜ್ಜ, ಅಜ್ಜಿ, ಚಿಕ್ಕಪ್ಪ, ನೆರೆಮನೆಯವರು ಎಲ್ಲರೂ ಕಾಣಿಸಿಕೊಳ್ಳುತ್ತಾರೆ. ‘ಹಾಲು ಸರಿಯಾಗಿ ಕುಡಿಯಿತೇ? ತೂಕ ಎಷ್ಟಾಯಿತು? ರಾತ್ರಿ ಅತ್ತಿತೇ?’ ಎಲ್ಲ ಪ್ರಶ್ನೆಗಳೂ ಮಗುವನ್ನು ಕುರಿತವೇ. ಅವಳು ಮಗುವನ್ನು ಪರದೆಗೆ ಹಿಡಿದು ತೋರಿಸುತ್ತಾಳೆ, ನಗುತ್ತಾಳೆ. ಕರೆ ಮುಗಿದ ಮೇಲೆ ಆ ನಗು ಎಲ್ಲಿ ಹೋಯಿತೆಂದು ಕೇಳುವವರಿಲ್ಲ.

ಈ ಸ್ಥಿತಿಗೆ ವೈದ್ಯಕೀಯದಲ್ಲಿ ಹೆಸರಿದೆ: ಪ್ರಸವೋತ್ತರ ಖಿನ್ನತೆ. ಇದನ್ನು ಇನ್ನೆರಡು ಸ್ಥಿತಿಗಳಿಂದ ಬೇರ್ಪಡಿಸಿ ತಿಳಿಯುವುದು ಅಗತ್ಯ. ಹೆರಿಗೆಯಾದ ಮೂರು ನಾಲ್ಕು ದಿನಗಳಲ್ಲಿ ಬಹುಪಾಲು ತಾಯಂದಿರಿಗೆ ಮನಸ್ಸು ತೇವಗೊಂಡಂತಾಗಿ, ಸಣ್ಣ ಮಾತಿಗೂ ಅಳು ಬರುವುದುಂಟು. ಗರ್ಭಕಾಲದಲ್ಲಿ ಏರಿದ್ದ ಈಸ್ಟ್ರೋಜನ್, ಪ್ರೊಜೆಸ್ಟರಾನ್ ಎಂಬ ಹಾರ್ಮೋನುಗಳು ಮಾಸು ಕಳಚಿದೊಡನೆ ಒಮ್ಮೆಲೇ ಕುಸಿಯುತ್ತವೆ. ಜೊತೆಗೆ ನಿದ್ರೆಯಿಲ್ಲ, ನೋವಿದೆ. ಈ ಅಳು ಹತ್ತು ಹದಿನಾಲ್ಕು ದಿನಗಳಲ್ಲಿ ತಾನಾಗಿ ಶಮನವಾಗುತ್ತದೆ. ಅದಕ್ಕೆ ಔಷಧ ಬೇಡ, ಒಳ್ಳೆಯ ಮಾತು ಸಾಕು. ಎರಡು ವಾರ ಕಳೆದರೂ ದುಃಖ ಹೋಗದಿದ್ದರೆ, ಅಥವಾ ತಿಂಗಳೆರಡು ತಿಂಗಳ ಅನಂತರ ಹೊಸದಾಗಿ ತಲೆದೋರಿದರೆ, ಅದು ಕಾಯಿಲೆ. ಇವೆರಡಕ್ಕಿಂತ ಭಿನ್ನವಾದ ಮೂರನೆಯದೊಂದಿದೆ. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಸಾಮಾನ್ಯವಾಗಿ ಮೊದಲ ಎರಡು ವಾರಗಳೊಳಗೆ, ಬಾಣಂತಿಗೆ ತೀವ್ರ ಚಿತ್ತವಿಕಾರ ಉಂಟಾಗುತ್ತದೆ. ನಿದ್ರೆ ಪೂರ್ತಿ ಹಾರಿಹೋಗುತ್ತದೆ, ಇಲ್ಲದ ಧ್ವನಿಗಳು ಕೇಳುತ್ತವೆ, ಮಗುವಿನ ವಿಷಯದಲ್ಲಿ ವಿಚಿತ್ರ ನಂಬಿಕೆಗಳು ಹುಟ್ಟುತ್ತವೆ. ಅಂಥವಳನ್ನು ಒಂದು ಗಳಿಗೆಯೂ ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.

ಹಳಬರಿಗೆ ಈ ಮೂರನೆಯದು ಗೊತ್ತಿತ್ತು. ಅದನ್ನು ‘ಬಾಣಂತಿ ಸನ್ನಿ’ ಎಂದು ಕರೆದರು. (ಜ್ವರ ನೆತ್ತಿಗೇರಿ ಬಡಬಡಿಸುತ್ತಿದ್ದ ಹೆಂಗಸರೂ ಇದೇ ಹೆಸರಿನೊಳಗೆ ಸೇರಿಹೋಗುತ್ತಿದ್ದರು; ಅವರಲ್ಲಿ ಎಷ್ಟೋ ಮಂದಿಗೆ ಇದ್ದದ್ದು ಹೆರಿಗೆಯ ನಂಜು.) ಕೂಗಾಡುವ ಕಾಯಿಲೆಗೆ ಹೆಸರು ಸಿಕ್ಕಿತು, ಸುಮ್ಮನೆ ಕುಳಿತು ಸವೆಯುವ ಕಾಯಿಲೆಗೆ ಸಿಗಲಿಲ್ಲ. ‘ಖಿನ್ನತೆ’ ಪುಸ್ತಕದ ಪದ. ಅದನ್ನು ಅನುಭವಿಸುವ ಯಾವ ಹೆಂಗಸೂ ‘ನನಗೆ ಖಿನ್ನತೆಯಾಗಿದೆ’ ಎನ್ನುವುದಿಲ್ಲ. ‘ಯಾಕೋ ಸುಸ್ತು’, ‘ತಲೆ ಭಾರ’, ‘ಯಾವುದರಲ್ಲೂ ಮನಸ್ಸಿಲ್ಲ’ ಎನ್ನುತ್ತಾಳೆ. ಕೇಳಿದವರು ಅದನ್ನು ಸುಸ್ತೆಂದೇ ತಿಳಿದು ಇನ್ನೊಂದು ಅಂಟಿನುಂಡೆ ಕೊಡುತ್ತಾರೆ.

‘ನಮ್ಮ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಎಂಬ ಮಾತು ಇಂಥ ಸಂದರ್ಭದಲ್ಲಿ ತಪ್ಪದೆ ಬರುತ್ತದೆ. ಇತ್ತು. ಫ್ರಾನ್ಸಿನ ವೈದ್ಯ ಲೂಯಿ ವಿಕ್ತೋರ್ ಮಾರ್ಸೆ ಗರ್ಭಿಣಿ ಬಾಣಂತಿಯರ ಮನೋರೋಗಗಳನ್ನು ಕುರಿತೇ ಒಂದು ದೊಡ್ಡ ಗ್ರಂಥವನ್ನು ಬರೆದದ್ದು 1858ರಷ್ಟು ಹಿಂದೆ. ಕನ್ನಡ ನಾಡಿನ ಹಳೆಯ ಮನೆತನಗಳಲ್ಲಿ ‘ಗಾಳಿ ಸೋಕಿತು’, ‘ದೃಷ್ಟಿ ತಾಗಿತು’ ಎಂದು ಮುಚ್ಚಿಟ್ಟ ಕಥೆಗಳುಂಟು. ‘ಕಾಲು ಜಾರಿ’ ಬಾವಿಗೆ ಬಿದ್ದ ಎಳೆಯ ತಾಯಂದಿರ ಕಥೆಗಳೂ ಉಂಟು. ಹೇಳುವವರು ದನಿ ತಗ್ಗಿಸಿ ಹೇಳುತ್ತಾರೆ, ಕೇಳುವವರು ಮುಂದೆ ಕೇಳುವುದಿಲ್ಲ.

ಇದು ವಿರಳವಾದ ಕಾಯಿಲೆಯೂ ಅಲ್ಲ. ಭಾರತದ ಹಲವೆಡೆ ನಡೆದ 38 ಅಧ್ಯಯನಗಳನ್ನು ಒಟ್ಟುಗೂಡಿಸಿ, ಸುಮಾರು ಇಪ್ಪತ್ತು ಸಾವಿರ ತಾಯಂದಿರ ವಿವರಗಳನ್ನು ಪರಿಶೀಲಿಸಿದ ಸಮೀಕ್ಷೆಯೊಂದು ವಿಶ್ವ ಆರೋಗ್ಯ ಸಂಸ್ಥೆಯ ಪತ್ರಿಕೆಯಲ್ಲಿ 2017ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ನೂರಕ್ಕೆ 22 ತಾಯಂದಿರಲ್ಲಿ ಈ ಖಿನ್ನತೆ ಕಂಡುಬಂದಿದೆ. ಎಂದರೆ ಸಂಘದ ಒಂದು ಸಮಾರಂಭದಲ್ಲಿ ಕಂಕುಳಲ್ಲಿ ಕೂಸನ್ನೆತ್ತಿಕೊಂಡು ಬಂದ ಐವರು ತರುಣಿಯರಿದ್ದರೆ ಅವರಲ್ಲಿ ಒಬ್ಬಳಾದರೂ ಇದನ್ನು ಅನುಭವಿಸುತ್ತಿರಬಹುದು, ರೇಷ್ಮೆಸೀರೆ ಉಟ್ಟುಕೊಂಡೇ.

ಇಲ್ಲಿ ಹಳೆಯ ಬಾಣಂತನವನ್ನು ಹೊಗಳಿ ಹೊಸ ಕಾಲವನ್ನು ತೆಗಳುವುದು ಸುಲಭ. ಆದರೆ ಅದು ಪೂರ್ತಿ ನಿಜವಾಗದು. ಹಳೆಯ ಬಾಣಂತನದಲ್ಲಿ ಎಣ್ಣೆ ನೀರು, ಅಗ್ಗಿಷ್ಟಿಕೆ, ಸಾಂಬ್ರಾಣಿ ಹೊಗೆ ಇದ್ದಂತೆಯೇ ಗಾಳಿಬೆಳಕಿಲ್ಲದ ಕೋಣೆಯೂ ಇತ್ತು, ಬಾಯಾರಿದರೂ ನೀರು ಕೊಡದ ಕಟ್ಟಳೆಯೂ ಇತ್ತು, ಮೂರನೆಯದೂ ಹೆಣ್ಣಾಯಿತೆಂಬ ನಿಟ್ಟುಸಿರೂ ಇತ್ತು. ಈ ನಿಟ್ಟುಸಿರನ್ನು ಹಗುರವಾಗಿ ಎಣಿಸುವಂತಿಲ್ಲ. ಕರ್ನಾಟಕಕ್ಕೆ ಹೊಂದಿಕೊಂಡ ಗೋವೆಯಲ್ಲಿ ವಿಕ್ರಮ್ ಪಟೇಲ್ ಮತ್ತು ಅವರ ಸಂಗಡಿಗರು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆರಿಗೆಯಾದ ಆರರಿಂದ ಎಂಟು ವಾರಗಳಲ್ಲಿ ನೂರಕ್ಕೆ 23 ತಾಯಂದಿರು ಖಿನ್ನರಾಗಿದ್ದರು; ಅವರಲ್ಲಿ ಬಹುಮಂದಿ ಆರು ತಿಂಗಳ ಅನಂತರವೂ ಹಾಗೆಯೇ ಇದ್ದರು. ಬಡತನ, ದಾಂಪತ್ಯದಲ್ಲಿನ ಬಿರುಕು, ಹುಟ್ಟಿದ್ದು ಹೆಣ್ಣು ಎಂಬುದು, ಇವು ಅಪಾಯವನ್ನು ಹೆಚ್ಚಿಸಿದ ಕಾರಣಗಳಲ್ಲಿ ಸೇರಿದ್ದವು. ಅಂದರೆ ಸುತ್ತ ಜನರಿದ್ದ ಮಾತ್ರಕ್ಕೆ ಬಾಣಂತಿ ಸುರಕ್ಷಿತಳಲ್ಲ. ಆ ಜನ ಏನು ಮಾತನಾಡುತ್ತಾರೆಂಬುದೂ ಮುಖ್ಯ. ಆದರೂ ಹಳೆಯ ಪದ್ಧತಿಯಲ್ಲಿ ಒಂದು ಸಂಗತಿ ಖಚಿತವಾಗಿತ್ತು. ರಾತ್ರಿ ಮಗು ಅತ್ತರೆ ಎತ್ತಿಕೊಳ್ಳಲು ಇನ್ನೊಂದು ಜೊತೆ ಕೈಗಳಿದ್ದವು. ಸೂತಿಕೆಯ ಕಾಲವನ್ನು ಒಂದೂವರೆ ತಿಂಗಳೆಂದು ಆಯುರ್ವೇದ ಲೆಕ್ಕ ಹಾಕಿದ್ದು ಬರಿಯ ಪಥ್ಯಕ್ಕಾಗಿ ಅಲ್ಲ, ಅಷ್ಟು ದಿನಗಳ ವಿಶ್ರಾಂತಿ ಬೇಕೆಂದು. ಮಹಾನಗರದ ಕನ್ನಡಿಗರು ಪಥ್ಯವನ್ನು ಊರಿನಿಂದ ತರಿಸಿಕೊಂಡರು. ವಿಶ್ರಾಂತಿ ರೈಲಿನಲ್ಲಿ ಬರಲಿಲ್ಲ.

ಇದಕ್ಕೆ ಭಾಷೆಯ ತೊಡಕೊಂದು ಸೇರಿಕೊಳ್ಳುತ್ತದೆ. ವಿಜಾಪುರದಿಂದ ಪುಣೆಗೆ ಮದುವೆಯಾಗಿ ಬಂದವಳು ಎರಡು ವರ್ಷಗಳಲ್ಲಿ ತರಕಾರಿ ಕೊಳ್ಳುವಷ್ಟು ಮರಾಠಿ ಕಲಿಯುತ್ತಾಳೆ. ದಿಲ್ಲಿಯಲ್ಲಿರುವವಳು ರಿಕ್ಷಾದವನೊಡನೆ ಜಗಳವಾಡುವಷ್ಟು ಹಿಂದಿ ಕಲಿಯುತ್ತಾಳೆ. ಸಂತೆಗೆ ಸಾಕಾದ ಆ ಭಾಷೆ ಸಂಕಟ ತೋಡಿಕೊಳ್ಳಲು ಸಾಲದು. ಆರನೆಯ ವಾರದಲ್ಲಿ ಮಗುವಿಗೆ ಲಸಿಕೆ ಹಾಕಿಸಲು ಅವಳು ಆಸ್ಪತ್ರೆಗೆ ಹೋಗಲೇಬೇಕು. ಹತ್ತನೆಯ ವಾರ, ಹದಿನಾಲ್ಕನೆಯ ವಾರ ಮತ್ತೆ ಹೋಗಬೇಕು. ಕಾಯಿಲೆ ಕಣ್ಣಿಗೆ ಬೀಳಬಹುದಾದ ಕಾಲವೂ ಅದೇ. ಆದರೆ ತಕ್ಕಡಿಯ ಮೇಲೆ ಮಲಗಿಸುವುದು ಮಗುವನ್ನು. ಎತ್ತಿಕೊಂಡು ನಿಂತವಳ ಮುಖವನ್ನು ನೋಡಲು ಆ ನೂಕುನುಗ್ಗಲಿನಲ್ಲಿ ಯಾರಿಗೂ ಬಿಡುವಿಲ್ಲ. ಯಾರಾದರೂ ನೋಡಿ ‘ಹೇಗಿದ್ದೀರಿ?’ ಎಂದು ಮರಾಠಿಯಲ್ಲಿ ಕೇಳಿದರೆ ಅವಳಲ್ಲಿರುವ ಉತ್ತರ ‘ಬರೀ ಆಹೇ’ ಒಂದೇ. ಎಡಿನ್‌ಬರೋ ಮಾಪಕವೆಂಬ ಹತ್ತು ಪ್ರಶ್ನೆಗಳ ಒಂದು ಸಣ್ಣ ಪಟ್ಟಿ 1987ರಿಂದ ಬಳಕೆಯಲ್ಲಿದೆ. ಕಳೆದ ಏಳು ದಿನಗಳಲ್ಲಿ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ತನ್ನನ್ನು ತಾನು ದೂಷಿಸಿಕೊಂಡದ್ದುಂಟೇ, ದುಃಖದಿಂದ ನಿದ್ರೆ ಕೆಟ್ಟಿತೇ ಎಂಬಂಥ ಪ್ರಶ್ನೆಗಳು ಅವು. ಕೊನೆಯದು, ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಎಂಬುದು. ಐದು ನಿಮಿಷದ ಕೆಲಸ. ಅದರ ಕನ್ನಡ ರೂಪವೂ ಇದೆ. ಹಾಗೆ ನೇರವಾಗಿ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾದೀತೆಂದು ಮನೆಯವರು ಹೆದರುತ್ತಾರೆ. ಆ ಹೆದರಿಕೆಗೆ ಆಧಾರವಿಲ್ಲ. ಕೇಳಿದರೆ ಎದೆಯ ಮೇಲಿನ ಭಾರ ಇಳಿದಂತಾಗುವುದೇ ಹೆಚ್ಚು.

ಚಿಕಿತ್ಸೆಯ ಮಾತಿಗೆ ಬಂದರೆ, ಈ ಕಾಯಿಲೆ ಗುಣವಾಗುತ್ತದೆ. ಮೊದಲು ರಕ್ತ ಪರೀಕ್ಷೆ ಆಗಬೇಕು, ಏಕೆಂದರೆ ರಕ್ತಹೀನತೆಯೂ, ಹೆರಿಗೆಯ ಅನಂತರ ಏರುಪೇರಾಗುವ ಥೈರಾಯ್ಡ್ ಗ್ರಂಥಿಯೂ ಇದೇ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ಸೌಮ್ಯವಾದ ಖಿನ್ನತೆಗೆ ತರಬೇತಾದವರೊಡನೆ ಕೆಲವು ವಾರ ಕುಳಿತು ಮಾತನಾಡುವ ಚಿಕಿತ್ಸೆಯೇ ಸಾಕಾಗಬಹುದು. ಹೆಚ್ಚಾಗಿದ್ದರೆ ಮಾತ್ರೆ ಬೇಕು. ಮಾತ್ರೆಯೆಂದೊಡನೆ ಎದೆಹಾಲು ಬಿಡಿಸಬೇಕಾಗುತ್ತದೆಂದು ಮನೆಯವರು ಗಾಬರಿಯಾಗಿ, ಬೇಡವೆಂದು ನಿಲ್ಲಿಸಿಬಿಡುತ್ತಾರೆ. ಸರ್ಟ್ರಲಿನ್ ಮೊದಲಾದ ಕೆಲವು ಔಷಧಗಳು ಹಾಲಿಗೆ ಇಳಿಯುವುದು ಅತ್ಯಲ್ಪ ಪ್ರಮಾಣದಲ್ಲಿ. ವೈದ್ಯರ ಸಲಹೆಯಂತೆ ಅವನ್ನು ಸೇವಿಸುತ್ತಾ ಹಾಲೂಡಿಸಬಹುದು. ಗುಣ ಕಾಣಲು ಕೆಲವು ವಾರ ಹಿಡಿಯುತ್ತದೆ. ಗುಣ ಕಂಡೊಡನೆ ತಾವಾಗಿ ಬಿಡಲೂಬಾರದು. ಅವಳಿಗೆ ಹಿಂದೆ ಎಂದಾದರೂ ಮನೋವ್ಯಾಧಿ ಇದ್ದಿದ್ದರೆ, ಮದುವೆಯ ಸಮಯದಲ್ಲಿ ಅದನ್ನು ಮುಚ್ಚಿಟ್ಟಿದ್ದರೂ ಸರಿಯೇ, ವೈದ್ಯರ ಮುಂದೆ ಮುಚ್ಚಿಡಬಾರದು. ಔಷಧದ ಆಯ್ಕೆಯೇ ಅದರಿಂದ ಬದಲಾಗುತ್ತದೆ.

ಆಸ್ಪತ್ರೆಗೆ ಸೇರಿಸಿದರೆ ಮಗುವನ್ನು ಅಗಲಬೇಕಾಗುತ್ತದೆಂಬ ಭಯವೂ ದೊಡ್ಡದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗು ಇಬ್ಬರನ್ನೂ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ನೀಡುವ ವಿಭಾಗ 2009ರಲ್ಲಿಯೇ ಆರಂಭವಾಗಿದೆ. ದೇಶದಲ್ಲಿ ಅದು ಮೊದಲನೆಯದು. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆಯೂ, ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದೆನ್ನುತ್ತದೆ. ಮಗುವಿಗೆ ಅಪಾಯವಿದೆಯೆಂದು ವೈದ್ಯರಿಗೆ ಕಂಡರೆ ಮಾತ್ರ ಬೇರೆ ಮಾತು. ಭಾಷೆಯ ತೊಡಕಿಗೂ ಈಗ ಅಷ್ಟಿಷ್ಟು ಪರಿಹಾರವಿದೆ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು. ಕನ್ನಡವೂ ಅದರ ಭಾಷೆಗಳಲ್ಲಿ ಒಂದು. ಈ ಸಂಖ್ಯೆಯನ್ನು ಬಾಣಂತಿಗೆ ಕೊಡುವುದಕ್ಕಿಂತ ಅವಳ ಗಂಡನ ಕೈಗೆ ಕೊಡುವುದು ಮೇಲು. ಖಿನ್ನತೆಯಲ್ಲಿರುವವರಿಗೆ ಒಂದು ಕರೆ ಮಾಡುವುದೂ ಬೆಟ್ಟವನ್ನೇರಿದಂತೆ.

ಗಂಡಂದಿರ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಮಹಾನಗರದಲ್ಲಿ ಬಾಣಂತನ ಮಾಡಲು ಉಳಿದಿರುವ ಏಕೈಕ ವ್ಯಕ್ತಿ ಅನೇಕ ಮನೆಗಳಲ್ಲಿ ಅವನೇ. 2017ರ ತಿದ್ದುಪಡಿಯಿಂದ ಕಾಯಿದೆಗೊಳಪಟ್ಟ ನೌಕರಿಗಳಲ್ಲಿ ತಾಯಿಗೆ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ರಜೆ ದೊರೆಯಿತು. ತಂದೆಗೆ ಕೇಂದ್ರ ಸರ್ಕಾರದ ನೌಕರಿಯಲ್ಲಿ 15 ದಿನ, ಖಾಸಗಿಯಲ್ಲಿ ಮಾಲೀಕನ ಮರ್ಜಿ. ಆ ಹದಿನೈದು ದಿನಗಳನ್ನು ಹೆಚ್ಚಿನವರು ಹೆರಿಗೆಯಾದ ಕೂಡಲೇ, ಮನೆ ತುಂಬ ಜನರಿರುವಾಗ, ಪೇಡೆ ಹಂಚುವುದರಲ್ಲಿ ಕಳೆಯುತ್ತಾರೆ. ಅತ್ತೆ ಊರಿಗೆ ಹೊರಡುವ ವಾರಕ್ಕೆ ಅರ್ಧವನ್ನಾದರೂ ಉಳಿಸಿಕೊಂಡರೆ ಅದರ ಬೆಲೆ ಇಮ್ಮಡಿಯಾಗುತ್ತದೆ. ರಜೆಯೇ ಇಲ್ಲದವನು ರಾತ್ರಿ ಹತ್ತರಿಂದ ಎರಡರವರೆಗೆ ಮಗುವನ್ನು ತಾನು ನೋಡಿಕೊಂಡು ಹೆಂಡತಿಗೆ ನಾಲ್ಕು ಗಂಟೆಗಳ ಎಡೆಬಿಡದ ನಿದ್ರೆ ದೊರಕಿಸಬಹುದು. ಆ ನಿದ್ರೆ ಅವಳಿಗೆ ಔಷಧದಷ್ಟೇ ಮುಖ್ಯ. ‘ನೀನು ಸ್ವಲ್ಪ ಧೈರ್ಯ ತಂದುಕೊ’ ಎಂಬ ಉಪದೇಶದಿಂದ ಮಾತ್ರ ಯಾವ ಉಪಕಾರವೂ ಇಲ್ಲ. ಧೈರ್ಯ ತಂದುಕೊಳ್ಳಲು ಆಗದಿರುವುದೇ ಈ ಕಾಯಿಲೆ.

ಇನ್ನು ಕನ್ನಡ ಸಂಘಗಳ ಹೊಣೆ. ರಾಜ್ಯೋತ್ಸವ, ನಾಟಕ, ಅರಿಸಿನ ಕುಂಕುಮ, ದಸರೆಯ ಗೊಂಬೆ, ವಿದ್ಯಾರ್ಥಿವೇತನ ಎಲ್ಲವನ್ನೂ ಅಚ್ಚುಕಟ್ಟಾಗಿ ನಡೆಸುವ ಮಹಿಳಾ ವಿಭಾಗಗಳು ಊರೂರಲ್ಲಿವೆ. ಅವುಗಳಲ್ಲಿ ಐವತ್ತು ದಾಟಿದ, ಮಕ್ಕಳು ದೂರ ಹೋಗಿರುವ, ಮಧ್ಯಾಹ್ನ ಬಿಡುವಾಗಿರುವ ಸದಸ್ಯೆಯರು ಅನೇಕರು. ಒಂದು ಕಡೆ ಆಡಲು ಮಾತಿದ್ದೂ ಕೇಳುವವರಿಲ್ಲದ ಹಿರಿಯ ಹೆಂಗಸರು, ಇನ್ನೊಂದು ಕಡೆ ಅದೇ ಸ್ಥಿತಿಯ ಎಳೆಯ ತಾಯಂದಿರು. ಇವರಿಬ್ಬರನ್ನು ಭೇಟಿ ಮಾಡಿಸುವುದು ಒಂದು ನಾಟಕವಾಡಿಸುವುದಕ್ಕಿಂತ ಕಷ್ಟವಲ್ಲ. ಇಂಥ ಕೆಲಸಕ್ಕೆ ಪದವೀಧರರೇ ಬೇಕೆಂದಿಲ್ಲ ಎಂಬುದಕ್ಕೆ ಸಾಕ್ಷ್ಯವಿದೆ. ಪಾಕಿಸ್ತಾನದ ರಾವಳ್ಪಿಂಡಿಯ ಹಳ್ಳಿಗಳಲ್ಲಿ ಸಾಮಾನ್ಯ ಆರೋಗ್ಯ ಕಾರ್ಯಕರ್ತೆಯರಿಗೆ ಅಲ್ಪಾವಧಿ ತರಬೇತಿ ಕೊಟ್ಟು, ಖಿನ್ನರಾದ ತಾಯಂದಿರ ಮನೆಗಳಿಗೆ ಕಳುಹಿಸಿದ ಪ್ರಯೋಗದ ಫಲಿತಾಂಶ 2008ರಲ್ಲಿ ಪ್ರಕಟವಾಯಿತು. ಆರು ತಿಂಗಳ ಅನಂತರ, ತರಬೇತಾದವರು ಭೇಟಿ ಕೊಟ್ಟ ತಾಯಂದಿರಲ್ಲಿ ಖಿನ್ನರಾಗಿ ಉಳಿದವರು ನೂರಕ್ಕೆ 23. ತರಬೇತಿಯಿಲ್ಲದವರು ಭೇಟಿ ಕೊಟ್ಟ ತಾಯಂದಿರಲ್ಲಿ 53. ಗೋವೆಯಲ್ಲಿ ಆರೋಗ್ಯ ಇಲಾಖೆಗೂ ಸಂಬಂಧವಿಲ್ಲದ, ತಾವೂ ತಾಯಂದಿರಾದ ನೆರೆಹೊರೆಯ ಹೆಂಗಸರನ್ನೇ ‘ಸಖಿ’ಯರೆಂದು ತರಬೇತುಗೊಳಿಸಿದರು. 2019ರಲ್ಲಿ ಹೊರಬಂದ ಅದರ ಫಲ ರಾವಳ್ಪಿಂಡಿಯಷ್ಟು ದೊಡ್ಡದಲ್ಲದಿದ್ದರೂ ಗಮನಾರ್ಹವಾಗಿತ್ತು.

ತರಬೇತಿ ಬೇಕು, ಅದಕ್ಕೆ ನಗರದ ಮನೋವೈದ್ಯರೊಬ್ಬರ ನೆರವನ್ನು ಪಡೆಯಬೇಕು. ಏಕೆಂದರೆ ತರಬೇತಿಯಿಲ್ಲದ ಸದುದ್ದೇಶ ಕೆಲವೊಮ್ಮೆ ಹಾನಿಯನ್ನೂ ಮಾಡುತ್ತದೆ. ಭೇಟಿಗೆ ಹೋದವರು ಮಗುವಿನ ಬಣ್ಣ, ಮೂಗು, ಯಾರ ಹೋಲಿಕೆ ಎಂಬ ಚರ್ಚೆಗೆ ಇಳಿಯಬಾರದು. ಹಾಲು ಸಾಲದೇ ಎಂದು ಕೇಳಬಾರದು. ತಮ್ಮ ನಾಲ್ಕು ಹೆರಿಗೆಗಳ ಶೌರ್ಯವನ್ನು ವರ್ಣಿಸಬಾರದು. ಬಿಸಿಯಾದ ಸಾರು ಅನ್ನ ಒಯ್ದು, ಮಗುವನ್ನು ತಮ್ಮ ತೊಡೆಗೆ ತೆಗೆದುಕೊಂಡು, ತಾಯಿಯನ್ನು ಎರಡು ಗಂಟೆ ಮಲಗಲು ಕಳುಹಿಸಬೇಕು. ಎದ್ದ ಮೇಲೆ ಅವಳನ್ನು ಕುರಿತು, ಮಗುವನ್ನು ಕುರಿತಲ್ಲ, ಒಂದೇ ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ ಸುಮ್ಮನೆ ಕಾಯಬೇಕು. ಮೊದಲ ದಿನ ಉತ್ತರ ಬರದಿರಬಹುದು, ಮರುವಾರ ಬಂದೀತು. ಕೇಳಿದ ಮಾತನ್ನು ಸಂಘದ ಸಭಾಂಗಣಕ್ಕೆ ಹೊತ್ತು ತರಬಾರದೆಂಬುದು ಮೊದಲ ನಿಯಮವಾಗಬೇಕು. ಅದೊಂದು ತಪ್ಪಿದರೆ ಮುಂದೆ ಯಾವ ಮನೆಯ ಬಾಗಿಲೂ ತೆರೆಯದು.

ಹೆಸರುಗಳನ್ನು ಕಲೆಹಾಕುವುದು ಕಷ್ಟವಲ್ಲ. ನಾಮಕರಣದ ಊಟಕ್ಕೆ ಸಂಘದವರಿಗೆ ಕರೆ ಬಂದೇ ಬರುತ್ತದೆ. ಆ ದಿನವೇ, ಊರಿನಿಂದ ಬಂದ ಅಜ್ಜಿ ಹಿಂದಿರುಗುವುದು ಎಂದು ಎಂಬುದನ್ನು ಕೇಳಿ ಬರೆದುಕೊಳ್ಳಬೇಕು. ಮೊದಲ ಭೇಟಿ ಅವಳ ರೈಲು ಹೊರಟ ಮರುದಿನ ಮಧ್ಯಾಹ್ನವೇ ಆಗುವುದು ಒಳ್ಳೆಯದು.